ರೋಗ್‌ಲೈಕ್: ಒಂದು ಗೇಮ್ ಪ್ರಕಾರದ ಲಕ್ಷಣವಿಚಾರ

ನಮ್ಮ ಶಾಸ್ತ್ರಕಾರರು ಲಕ್ಷಣ ಹೇಳುವಾಗ ಎರಡು ದೋಷಗಳ ಬಗ್ಗೆ ಸದಾ ಎಚ್ಚರವಾಗಿರುತ್ತಿದ್ದರು. ಒಳಗಿರಬೇಕಾದದ್ದು ಹೊರಗುಳಿದರೆ ಅವ್ಯಾಪ್ತಿ, ಹೊರಗಿರಬೇಕಾದದ್ದು ಒಳಗೆ ಬಂದರೆ ಅತಿವ್ಯಾಪ್ತಿ. ವಿಡಿಯೊ ಗೇಮ್‌ಗಳ ಪ್ರಕಾರಗಳಲ್ಲಿ ಈ ಎರಡೂ ದೋಷಗಳಿಗೆ ಸಿಕ್ಕಿದ ಹೆಸರೆಂದರೆ ‘ರೋಗ್‌ಲೈಕ್’. ಆ ಹೆಸರಿನ ಚರಿತ್ರೆಯನ್ನು ನೋಡಿದರೆ, ಪ್ರಕಾರದ ಜೀವ ಬಿಡಿ ಲಕ್ಷಣಗಳ ಪಟ್ಟಿಗಿಂತ ಅವುಗಳ ನಡುವಿನ ನಂಟಿನಲ್ಲಿದೆ ಎಂಬುದು ತಿಳಿಯುತ್ತದೆ.

1980ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ‘ರೋಗ್’ ಬರೆಯತೊಡಗಿದರು. ಮುಂದೆ ಬರ್ಕ್ಲಿಯಲ್ಲಿ ಕೆನ್ ಅರ್ನಾಲ್ಡ್ ಜೊತೆಯಾದರು. ಟರ್ಮಿನಲ್ ಪರದೆಯ ಬೇಕಾದ ಜಾಗದಲ್ಲಿ ಅಕ್ಷರ ಮೂಡಿಸುವ ‘ಕರ್ಸಸ್’ ಲೈಬ್ರರಿ ಅವರದೇ ಕೆಲಸ. ಅಂದಿನ ಅಡ್ವೆಂಚರ್ ಗೇಮ್‌ಗಳಲ್ಲಿ ಒಗಟನ್ನು ಒಮ್ಮೆ ಬಿಡಿಸಿದರೆ ಆಟ ಮುಗಿಯಿತು. ಒಗಟು ಬರೆದವರಿಗಂತೂ ಆಡಲು ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ರೋಗ್ ಪ್ರತಿ ಸಲವೂ ಹೊಸ ನೆಲಮಾಳಿಗೆಯನ್ನು ತಾನೇ ಕಟ್ಟಿಕೊಂಡಿತು. ಉಳಿಸಿಟ್ಟ ಆಟವನ್ನು ಮತ್ತೆ ತೆರೆದ ಕೂಡಲೇ ಅದರ ಫೈಲ್ ಅಳಿಸಿಹೋಗುತ್ತಿತ್ತು. ಸತ್ತರೆ ಮೊದಲಿನಿಂದಲೇ ಆರಂಭ.

ಈ ಆಟದ ಒಂದು ಗಳಿಗೆಯನ್ನು ಹತ್ತಿರದಿಂದ ನೋಡೋಣ. ಆಟಗಾರನ ಪ್ರಾಣಬಲ ಮೂರಕ್ಕೆ ಇಳಿದಿದೆ, ಪಕ್ಕದ ಚೌಕದಲ್ಲಿ ಟ್ರೋಲ್ ನಿಂತಿದೆ. ಚೀಲದಲ್ಲಿರುವುದು ಹೆಸರು ಗೊತ್ತಿಲ್ಲದ ಒಂದು ನೀಲಿ ದ್ರಾವಣ ಮಾತ್ರ. ಅದು ಗಾಯ ಮಾಯಿಸಬಹುದು, ವಿಷವೂ ಆಗಿರಬಹುದು, ಕಣ್ಣು ಕತ್ತಲೆಗಟ್ಟಿಸಲೂಬಹುದು. ಯಾವ ಬಣ್ಣಕ್ಕೆ ಯಾವ ಗುಣ ಎಂಬುದು ಪ್ರತಿ ಆಟದಲ್ಲೂ ಬದಲಾಗುವುದರಿಂದ ನಿನ್ನೆಯ ನೆನಪು ಇಲ್ಲಿ ಕೆಲಸಕ್ಕೆ ಬಾರದು. ಆಟಗಾರ ಕೀಲಿ ಒತ್ತುವವರೆಗೂ ಟ್ರೋಲ್ ಕದಲುವುದಿಲ್ಲ, ಹತ್ತು ನಿಮಿಷ ಬೇಕಾದರೂ ಯೋಚಿಸಬಹುದು. ಆದರೆ ಕುಡಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಯಾದೃಚ್ಛಿಕತೆ, ಸರದಿ, ಮರಳಿಬಾರದ ಸಾವು: ಈ ಮೂರರಲ್ಲಿ ಒಂದನ್ನು ತೆಗೆದರೂ ಆ ಗಳಿಗೆಯ ಬಿಗಿ ಸಡಿಲವಾಗುತ್ತದೆ.

1983ರ ಬಿಎಸ್‌ಡಿ ಯುನಿಕ್ಸ್ 4.2 ಆವೃತ್ತಿಯೊಂದಿಗೆ ರೋಗ್ ಎಷ್ಟೋ ವಿಶ್ವವಿದ್ಯಾಲಯಗಳನ್ನು ತಲುಪಿತು. ‘ಹ್ಯಾಕ್’, ‘ಮೋರಿಯಾ’, 1987ರಲ್ಲಿ ‘ನೆಟ್‌ಹ್ಯಾಕ್’ ಬಂದವು. 1993ರಲ್ಲಿ ಯೂಸ್‌ನೆಟ್‌ನಲ್ಲಿ ಇವುಗಳ ಚರ್ಚೆಯನ್ನು ಒಂದೇ ಸೂರಿನಡಿ ತರಲು ‘ರೋಗ್‌ಲೈಕ್’ ಎಂಬ ಹೆಸರು ನೆಲೆಗೊಂಡಿತು. ಅದೇ ವರ್ಷ ಬಂದ ‘ಡೂಮ್’ ಅನ್ನು ಹೋಲುವ ಆಟಗಳಿಗೂ ಮೊದಲು ‘ಡೂಮ್ ಕ್ಲೋನ್’ ಎಂದೇ ಹೆಸರಿತ್ತು. ಕೆಲವೇ ವರ್ಷಗಳಲ್ಲಿ ಅದು ‘ಫಸ್ಟ್ ಪರ್ಸನ್ ಶೂಟರ್’ ಆಯಿತು. ಅಲ್ಲಿ ದೃಷ್ಟಿಕೋನ ಮತ್ತು ಗುಂಡು ಹಾರಿಸುವುದನ್ನು ಹೇಳಿದರೆ ಆಟವನ್ನು ಹೇಳಿದಂತೆಯೇ ಆಗುತ್ತಿತ್ತು. ರೋಗ್‌ನ ಸಂತತಿಗೆ ಹಾಗೆ ಯಾವುದಾದರೂ ಒಂದು ಗುಣವನ್ನು ಹಿಡಿದು ಹೆಸರಿಡಲು ಬರುವಂತಿರಲಿಲ್ಲ. ಪೂರ್ವಜನ ಹೆಸರೇ ಉಳಿಯಿತು. ಇದರಿಂದ ಚರಿತ್ರೆಕಾರರಿಗೆ ಒಂದು ಪೇಚೂ ಉಳಿಯಿತು. ಡಾನ್ ವರ್ತ್ ಅವರ ‘ಬಿನೀತ್ ಆ್ಯಪಲ್ ಮ್ಯಾನರ್’ 1978ರಲ್ಲೇ, ಅಂದರೆ ರೋಗ್‌ಗಿಂತ ಮೊದಲೇ, ಆ್ಯಪಲ್ 2 ಕಂಪ್ಯೂಟರ್‌ನಲ್ಲಿ ಪ್ರತಿ ಸಲ ಬದಲಾಗುವ ನೆಲಮಾಳಿಗೆಯನ್ನು ತೋರಿಸಿತ್ತು. ವಂಶ ನೋಡಿದರೆ ಅದು ಹೊರಗೆ, ಗುಣ ನೋಡಿದರೆ ಒಳಗೆ.

2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ ರೋಗ್‌ಲೈಕ್ ತಯಾರಕರ ಅಂತಾರಾಷ್ಟ್ರೀಯ ಸಮ್ಮೇಳನ ಈ ಪ್ರಕಾರಕ್ಕೆ ಲಕ್ಷಣ ಕಟ್ಟಲು ಮುಂದಾಯಿತು. ರೋಗ್, ನೆಟ್‌ಹ್ಯಾಕ್, ಆ್ಯಂಗ್‌ಬ್ಯಾಂಡ್, ಅಡಮ್, ಲಿನ್ಲೀಸ್ ಡಂಜನ್ ಕ್ರಾಲ್ ಎಂಬ ಐದನ್ನು ಮಾದರಿಯಾಗಿಟ್ಟುಕೊಂಡು ಲಕ್ಷಣಗಳನ್ನು ಮುಖ್ಯ, ಗೌಣ ಎಂದು ವಿಂಗಡಿಸಿತು. ಕೆಲವು ಲಕ್ಷಣಗಳು ಇಲ್ಲದಿದ್ದ ಮಾತ್ರಕ್ಕೆ ಆಟ ಹೊರಗಾಗದು ಎಂದೂ ಸ್ಪಷ್ಟಪಡಿಸಿತು. ಈ ಬರ್ಲಿನ್ ವ್ಯಾಖ್ಯಾನವನ್ನು ಕಾವಲುಗೋಡೆ ಎಂದು ಜರಿಯುವವರು ಈ ಮಾತನ್ನು ಮರೆಯುತ್ತಾರೆ. ಅದರ ನಿಜವಾದ ಕೊರತೆ ಬೇರೆ. ಮಾದರಿಗಳನ್ನು ಮೊದಲೇ ಆರಿಸಿಕೊಂಡದ್ದರಿಂದ ಅಕ್ಷರಗಳ ಪರದೆಯಂಥ ಅಂದಿನ ಯಂತ್ರದ ಮಿತಿಯೂ ಲಕ್ಷಣದ ಪಟ್ಟಿಗೆ ಸೇರಿಬಿಟ್ಟಿತು. ಯಾದೃಚ್ಛಿಕ ಲೋಕವಿರುವುದರಿಂದಲೇ ಶಾಶ್ವತ ಸಾವು ಶಿಕ್ಷೆಯಾಗದೆ ಸಂತೋಷ ಕೊಡುತ್ತದೆ ಎಂಬ ಅಮೂಲ್ಯ ಮಾತು ಅಲ್ಲಿದೆ. ಅದನ್ನು ಬುನಾದಿ ಮಾಡಿಕೊಳ್ಳುವ ಬದಲು ಟಿಪ್ಪಣಿಯಂತೆ ಸೇರಿಸಿ ಮುಂದೆ ಹೋಗಲಾಗಿದೆ.

ಅದೇ ವರ್ಷ ಡೆರೆಕ್ ಯು ‘ಸ್ಪೆಲಂಕಿ’ ಹೊರತಂದರು. ಯಾದೃಚ್ಛಿಕ ಗುಹೆಗಳು, ಶಾಶ್ವತ ಸಾವು ಅಲ್ಲಿದ್ದವು, ಸರದಿ ಇರಲಿಲ್ಲ. 2013ರ ‘ರೋಗ್ ಲೆಗಸಿ’ಯಲ್ಲಿ ಸತ್ತ ವೀರ ಗಳಿಸಿದ ಚಿನ್ನದಿಂದ ವಾರಸುದಾರ ಬಲ ಹೆಚ್ಚಿಸಿಕೊಳ್ಳುತ್ತಾನೆ. ರೋಗ್‌ನಲ್ಲಿ ಸಾವಿನ ನಂತರ ಉಳಿಯುವುದು ಆಟಗಾರನ ಅರಿವು ಮಾತ್ರ. ಇಲ್ಲಿ ಬಲವೂ ಉಳಿಯುತ್ತದೆ, ಹಾಗಾಗಿ ಸಾವಿನ ಅರ್ಥವೇ ಬದಲಾಗುತ್ತದೆ. ಅದನ್ನು ತಯಾರಿಸಿದ ಸೆಲ್ಲರ್ ಡೋರ್ ಗೇಮ್ಸ್ ತನ್ನ ಆಟವನ್ನು ‘ರೋಗ್‌ಲೈಟ್’ ಎಂದು ಪ್ರಾಮಾಣಿಕವಾಗಿ ಕರೆದುಕೊಂಡಿತು.

2014ರಲ್ಲಿ ಸ್ಟೀಮ್ ಮಳಿಗೆ ಗ್ರಾಹಕರಿಗೇ ಟ್ಯಾಗ್ ಹಚ್ಚುವ ಅವಕಾಶ ಕೊಟ್ಟ ಮೇಲೆ ಅತಿವ್ಯಾಪ್ತಿಗೆ ತಡೆಯೇ ಇಲ್ಲವಾಯಿತು. ಸಾವಧಾನವಾಗಿ ಯೋಚಿಸುವ ಆಟ ಹುಡುಕಿದವರಿಗೆ ಬೆರಳಿನ ಚುರುಕು ಬೇಡುವ ಆಟಗಳು ಸಿಗತೊಡಗಿದವು. ಈಗ ಅದೇ ಮಳಿಗೆಯಲ್ಲಿ ‘ಟ್ರೆಡಿಷನಲ್ ರೋಗ್‌ಲೈಕ್’, ‘ಆ್ಯಕ್ಷನ್ ರೋಗ್‌ಲೈಕ್’ ಎಂಬ ಪ್ರತ್ಯೇಕ ಟ್ಯಾಗ್‌ಗಳಿವೆ. ಬರ್ಲಿನ್‌ನವರು ಎಳೆಯಲು ಹೊರಟ ಗೆರೆಯನ್ನು ಮಾರುಕಟ್ಟೆ ತನ್ನ ಅಗತ್ಯಕ್ಕಾಗಿ ಮತ್ತೆ ಎಳೆದುಕೊಂಡಿದೆ.

ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾದ ಆಟ 2019ರಲ್ಲಿ ಪೂರ್ಣಗೊಂಡ ‘ಸ್ಲೇ ದ ಸ್ಪೈರ್’. ಅದರಲ್ಲಿ ಚೌಕಗಳ ನೆಲವಿಲ್ಲ, ಅಲೆದಾಟವಿಲ್ಲ, ಇಸ್ಪೀಟಿನಂತೆ ಕೈಗೆ ಬರುವ ಕಾರ್ಡುಗಳೇ ಎಲ್ಲ. ಬರ್ಲಿನ್ ಪಟ್ಟಿ ಹಿಡಿದು ಅಳೆದರೆ ಅದು ದೂರದ ನೆಂಟ. ಆದರೆ ಎದುರಿಗೆ ಬಂದ ಕಾರ್ಡನ್ನು ತೆಗೆದುಕೊಳ್ಳಬೇಕೇ ಬಿಡಬೇಕೇ ಎಂದು ಆಟಗಾರ ಎಷ್ಟು ಹೊತ್ತಾದರೂ ಕೂರಬಹುದು, ತಪ್ಪಿದರೆ ತಿದ್ದಲು ಬರುವುದಿಲ್ಲ, ಮುಂದಿನ ಆಟದಲ್ಲಿ ಅದೇ ಕಾರ್ಡುಗಳು ಅದೇ ಕ್ರಮದಲ್ಲಿ ಬರುವುದೂ ಇಲ್ಲ. ರೋಗ್ ಲೆಗಸಿಗಿಂತ ಇದನ್ನೇ ರೋಗ್‌ಗೆ ಹತ್ತಿರ ಇಡಬೇಕೆಂದು ನನ್ನ ಅಭಿಪ್ರಾಯ.