ಬೆಂಕಿಗೆ ಗಡಿಕಲ್ಲು ಕಾಣುವುದಿಲ್ಲ
(ಕಾಳ್ಗಿಚ್ಚು ಕಲಿಸಿದ ಸಹಕಾರದ ಚರಿತ್ರೆ)

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಹಕಾರದ ಚರಿತ್ರೆ ಕುರಿತು ಒಂದು ಲೇಖನ ಬರೆದುಕೊಡಿ ಅಂತ ಸ್ಮರಣ ಸಂಚಿಕೆಯ ಸಮಿತಿಯವರು ಕೇಳಿದರು. ಸಾಲ, ಗೊಬ್ಬರ, ಪಡಿತರ, ಷೇರು ಇವುಗಳ ವಿಚಾರ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ಆದ್ದರಿಂದ ನಾವು ಸ್ವಲ್ಪ ಬೇರೆ ದಾರಿ ಹಿಡಿದಿದ್ದೇವೆ. ಕಾಡಿಗೆ ಬೆಂಕಿ ಬಿದ್ದಾಗ ಬೇರೆ ಬೇರೆ ಇಲಾಖೆಗಳು ತಮ್ಮ ಆಳು, ಹಣ, ಸಲಕರಣೆಗಳನ್ನು ಒಂದೇ ಕಣಕ್ಕೆ ತಂದು ಹಾಕುವುದನ್ನು ಹೇಗೆ ಕಲಿತವು ಎಂಬ ಕಥೆ ಇದು. ಹೆಚ್ಚಿನದು ನಡೆದದ್ದು ದೂರದ ಅಮೆರಿಕದಲ್ಲಿ. ಆದರೆ ಓದುತ್ತಾ ಹೋದರೆ ನಮ್ಮ ಸಂಘದ ನಡಾವಳಿ ಪುಸ್ತಕವನ್ನೇ ತಿರುವಿ ಹಾಕಿದ ಹಾಗೆ ಅನ್ನಿಸುತ್ತದೆ.

ಈ ವಿಚಾರ ಯಾಕೆ ಹಿಡಿದೆವು ಅಂತ ಊರಿನ ಹಿರಿಯರಿಗೆ ಹೇಳಬೇಕಾಗಿಲ್ಲ. ಒಂದು ಬೇಸಿಗೆ, ಶಿವರಾತ್ರಿ ಕಳೆದ ಮೇಲೆ, ಊರ ಹಿಂದಿನ ಗುಡ್ಡಕ್ಕೆ ಬೆಂಕಿ ಬಿತ್ತು. ಜನ ಬರಲಿಲ್ಲ ಅಂತಲ್ಲ. ನಮ್ಮೂರವರು ಓಡಿದರು, ಪಕ್ಕದ ಊರವರು ಬಂದರು, ಕಾಡಿನ ವಾಚರುಗಳೂ ಬಂದರು. ಸಂಘದ ಪಂಪನ್ನು ಗಾಡಿಯಲ್ಲಿ ಹೇರಿಕೊಂಡು ಹೋದೆವು. ಪಕ್ಕದ ಊರವರು ತಂದ ಪೈಪು ನಮ್ಮ ಪಂಪಿನ ಬಾಯಿಗೆ ಕೂರಲಿಲ್ಲ. ಡೀಸೆಲ್ಲಿನ ದುಡ್ಡು ಯಾವ ಲೆಕ್ಕಕ್ಕೆ ಅಂತ ಮಾತು ಬಂತು. ಒಬ್ಬರು ಹಸಿ ಸೊಪ್ಪಿನಲ್ಲಿ ಬಡಿಯಿರಿ ಅಂದರೆ ಇನ್ನೊಬ್ಬರು ಎದುರು ಬೆಂಕಿ ಕೊಡಿ ಅಂದರು. ಅಷ್ಟರಲ್ಲಿ ಬೆಂಕಿ ಕೆಳಗಿಳಿದು ಎರಡು ಬಣವೆ, ಒಂದು ಕೊಟ್ಟಿಗೆ, ಬಡ ಸದಸ್ಯರೊಬ್ಬರ ಮೂರು ವರ್ಷದ ಅಡಿಕೆ ಗಿಡಗಳನ್ನು ತಿಂದುಕೊಂಡು ಹೋಯಿತು. ದೇವರ ದಯೆ, ಜೀವಕ್ಕೆ ಅಪಾಯ ಆಗಲಿಲ್ಲ. ಒಬ್ಬರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಮನಸ್ಸು ಎಲ್ಲರಿಗೂ ಇತ್ತು, ಕಟ್ಟು ಇರಲಿಲ್ಲ.

ಒಂದೇ ವರ್ಷದ ಎರಡು ಹುಟ್ಟು

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಅದೇ 1905ರಲ್ಲಿ ಅಮೆರಿಕದಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಅರಣ್ಯ ಸೇವೆ ಹುಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲ ನಿಜ. ಆದರೆ ಒಬ್ಬನಿಂದ ಆಗದ ಕೆಲಸ ಹತ್ತು ಜನರಿಂದ ಆಗುತ್ತದೆ ಎಂಬ ಪಾಠ ಕಣಗಿನಹಾಳದ ರೈತರಿಗೆ ಮೊದಲೇ ಗೊತ್ತಿತ್ತು. ಆ ಅರಣ್ಯ ಸೇವೆ ಅದನ್ನು ಬೆಂಕಿಯಿಂದ ಕಲಿಯಬೇಕಾಯಿತು.

1910ರ ಆಗಸ್ಟ್ 20 ಮತ್ತು 21ರಂದು ಐಡಾಹೋ ಮತ್ತು ಮೊಂಟಾನಾ ರಾಜ್ಯಗಳ ಬೆಟ್ಟಗಳಲ್ಲಿ ಬಿರುಗಾಳಿ ಎದ್ದು, ಅಲ್ಲಲ್ಲಿ ಉರಿಯುತ್ತಿದ್ದ ಬೆಂಕಿಗಳೆಲ್ಲ ಒಂದಾದವು. ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟಿತು. 85ಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರು, ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ಎಡ್ ಪುಲಾಸ್ಕಿ ಎಂಬ ರೇಂಜರು ತಮ್ಮ ಸುಮಾರು 45 ಆಳುಗಳನ್ನು ಹಳೆಯ ಗಣಿಯ ಸುರಂಗಕ್ಕೆ ನುಗ್ಗಿಸಿ, ಹೆದರಿ ಹೊರಗೆ ಓಡುವವರನ್ನು ಪಿಸ್ತೂಲು ತೋರಿಸಿ ತಡೆದು ನಿಂತರು. 5 ಜನ ಸತ್ತರು, ಉಳಿದವರು ಬದುಕಿದರು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯಂಥ ಅಲಗು ಇರುವ ಒಂದು ಉಪಕರಣ ಇವತ್ತಿಗೂ ಅವರ ಹೆಸರಿನಲ್ಲೇ ಇದೆ.

ಒಬ್ಬ ಪುಲಾಸ್ಕಿಯ ಧೈರ್ಯದಿಂದ 40 ಜನ ಉಳಿಯಬಹುದು, 30 ಲಕ್ಷ ಎಕರೆ ಉಳಿಯುವುದಿಲ್ಲ. ಬೆಂಕಿಗೆ ಇದು ಸರ್ಕಾರದ ಕಾಡು, ಇದು ರಾಜ್ಯದ್ದು, ಇದು ಖಾಸಗಿ ಜಮೀನು ಅಂತ ಗಡಿಕಲ್ಲು ಕಾಣುವುದಿಲ್ಲವಲ್ಲ.

ನೀನೊಂದು ಸೇರು, ನಾನೊಂದು ಸೇರು

ಮರು ವರ್ಷವೇ, ಅಂದರೆ 1911ರ ಮಾರ್ಚ್ 1ರಂದು, ವೀಕ್ಸ್ ಕಾಯ್ದೆ ಬಂತು. ನದಿಗಳ ಮೇಲುಭಾಗದ ಕಾಡುಗಳನ್ನು ಬೆಂಕಿಯಿಂದ ಕಾಯಲು ರಾಜ್ಯಗಳ ಜೊತೆ ಸೇರಿ ಖರ್ಚು ಮಾಡಲಿಕ್ಕೆ ಕೇಂದ್ರದವರು 2 ಲಕ್ಷ ಡಾಲರ್ ತೆಗೆದಿಟ್ಟರು. ಆದರೆ ಎರಡು ಷರತ್ತು. ರಾಜ್ಯವು ಮೊದಲು ತನ್ನದೇ ಕಾನೂನು ಮಾಡಿ ಬೆಂಕಿ ಕಾವಲಿನ ವ್ಯವಸ್ಥೆ ಇಟ್ಟುಕೊಂಡಿರಬೇಕು. ಎರಡನೆಯದು, ಆ ವರ್ಷ ರಾಜ್ಯ ಎಷ್ಟು ಹಣ ತೆಗೆದಿಟ್ಟಿದೆಯೋ ಅದಕ್ಕಿಂತ ಹೆಚ್ಚು ಕೇಂದ್ರದಿಂದ ಸಿಗುವುದಿಲ್ಲ. ನೀನೊಂದು ಸೇರು ಹಾಕಿದರೆ ನಾನೂ ಒಂದು ಸೇರು, ನಿನ್ನ ಕೈ ಬರಿದಾದರೆ ನನ್ನದೂ ಬರಿದು. ಷೇರು ಹಣ ಕಟ್ಟದವನಿಗೆ ಸಾಲವಿಲ್ಲ ಎಂಬ ನಮ್ಮ ನಿಯಮದ ಹಾಗೆಯೇ ಇದು. 1924ರ ಕ್ಲಾರ್ಕ್-ಮೆಕ್‌ನಾರಿ ಕಾಯ್ದೆ ಈ ಕೂಡು ಲೆಕ್ಕವನ್ನು ಇನ್ನಷ್ಟು ಹಿಗ್ಗಿಸಿತು.

ಹಣ ಕೂಡಿತು ಸರಿ, ಸಲಕರಣೆ? ಒಂದು ಇಲಾಖೆಯ ಉಗ್ರಾಣದಲ್ಲಿ ಪಂಪು ಧೂಳು ತಿನ್ನುತ್ತಿರುವಾಗ ಪಕ್ಕದ ಇಲಾಖೆಯವರು ಬರಿಗೈಯಲ್ಲಿ ನಿಲ್ಲುವುದು ಅಲ್ಲೂ ಇತ್ತು. 1965ರಲ್ಲಿ ಅರಣ್ಯ ಸೇವೆ, ಸರ್ಕಾರಿ ಭೂಮಿಗಳನ್ನು ನೋಡಿಕೊಳ್ಳುವ ಇಲಾಖೆ, ಹವಾಮಾನ ಇಲಾಖೆ ಈ ಮೂರೂ ಸೇರಿ ಐಡಾಹೋದ ಬಾಯ್ಸಿ ಪಟ್ಟಣದಲ್ಲಿ ಒಂದು ಸಮಾನ ಕೇಂದ್ರ ತೆರೆದವು. ಆಮೇಲೆ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಮೊದಲಾದವು ಸೇರಿಕೊಂಡವು. 1993ರಲ್ಲಿ ಅದು ರಾಷ್ಟ್ರೀಯ ಕೇಂದ್ರ ಎಂದು ಹೆಸರು ಪಡೆಯಿತು. ಅಲ್ಲಿನ ಕ್ರಮ ಬಹಳ ಸರಳ. ಬೆಂಕಿ ಬಿದ್ದರೆ ಮೊದಲು ಹತ್ತಿರದವರು ಹೋಗಬೇಕು, ಅವರು ಯಾವ ಇಲಾಖೆಯವರಾದರೂ ಸರಿ. ಸಾಲದಿದ್ದರೆ ಪ್ರಾಂತ್ಯಕ್ಕೆ ಬೇಡಿಕೆ, ಅಲ್ಲೂ ಮುಗಿದರೆ ಬಾಯ್ಸಿಗೆ. ದೇಶದ ಪರಿಸ್ಥಿತಿಯನ್ನು 1ರಿಂದ 5ರವರೆಗೆ ಅಂಕಿ ಹಾಕಿ ಹೇಳುತ್ತಾರೆ. 5 ಅಂದರೆ ಕೈಯಲ್ಲಿರುವುದೆಲ್ಲ ಹೆಚ್ಚುಕಡಿಮೆ ಖರ್ಚಾಗಿದೆ ಅಂತ ಅರ್ಥ. ಬೆಂಕಿ ಕೆಲಸಕ್ಕೆ ಹೋಗುವ ಪ್ರತಿಯೊಬ್ಬನ ಜೇಬಿನಲ್ಲೂ ಅವನು ಯಾವ ಕೆಲಸಕ್ಕೆ ಅರ್ಹ ಎಂದು ಬರೆದ ಚೀಟಿ ಇರುತ್ತದೆ. ಅದಕ್ಕೆ ಕೆಂಪು ಕಾರ್ಡು ಅನ್ನುತ್ತಾರೆ. ಊರು ಬಿಟ್ಟು ಊರಿಗೆ ಹೋದರೂ ಆ ಚೀಟಿ ನಡೆಯುತ್ತದೆ.

ಹದಿಮೂರು ದಿನದ ಪಾಠ

ಇಷ್ಟಾದರೂ ದೊಡ್ಡ ಪಾಠ ಬಾಕಿ ಇತ್ತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1950ರಿಂದಲೇ ನೆರೆಹೊರೆಯ ಊರುಗಳು ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದ ಇತ್ತು, ನಮ್ಮ ಮುಯ್ಯಾಳಿನ ಹಾಗೆ. 1970ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಬೆಂಕಿಯ ಮೇಲೆ ಬೆಂಕಿ ಎದ್ದಿತು. 13 ದಿನಗಳಲ್ಲಿ 16 ಜನ ಸತ್ತರು, 700ಕ್ಕೂ ಹೆಚ್ಚು ಮನೆ ಕಟ್ಟಡಗಳು ಹೋದವು, 5 ಲಕ್ಷ ಎಕರೆಗೂ ಮೀರಿ ಸುಟ್ಟಿತು. ಸಹಾಯಕ್ಕೆ ಬಂದವರಿಗೆ ಬರವಿರಲಿಲ್ಲ. ಆದರೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳುವುದಿಲ್ಲ. ಒಬ್ಬರು ಟ್ಯಾಂಕರ್ ಅಂದರೆ ನೀರಿನ ಲಾರಿ, ಇನ್ನೊಬ್ಬರಿಗೆ ಅದೇ ಮಾತು ನೀರು ಸುರಿಯುವ ವಿಮಾನ! ಒಂದೇ ಬೆಂಕಿಗೆ ಹಲವು ಯಜಮಾನರು.

1971ರಲ್ಲಿ ಅಲ್ಲಿನ ಸಂಸತ್ತು ಇದಕ್ಕೊಂದು ದಾರಿ ಹುಡುಕಿ ಅಂತ 9 ಲಕ್ಷ ಡಾಲರ್ ಕೊಟ್ಟಿತು. ಕೇಂದ್ರ ಅರಣ್ಯ ಸೇವೆ, ರಾಜ್ಯದ ಅರಣ್ಯ ಇಲಾಖೆ, ರಾಜ್ಯದ ತುರ್ತು ಸೇವೆಯ ಕಚೇರಿ, ಲಾಸ್ ಏಂಜಲೀಸ್ ನಗರ, ಮೂರು ಜಿಲ್ಲೆಗಳ ಅಗ್ನಿಶಾಮಕ ದಳಗಳು ವರ್ಷಗಟ್ಟಲೆ ಒಟ್ಟಿಗೆ ಕೂತವು. ಈ ಕೂಟಕ್ಕೆ ಫೈರ್‌ಸ್ಕೋಪ್ ಅಂತ ಹೆಸರು. ಅವರು ಕಟ್ಟಿದ ಪದ್ಧತಿಯ ಸಾರ ಇಷ್ಟೆ. ಎಲ್ಲರೂ ಒಂದೇ ಪದ ಬಳಸಬೇಕು, ಗುಟ್ಟಿನ ಸಂಕೇತ ಬೇಡ. ಒಬ್ಬ ಮುಂದಾಳಿನ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೆಯದು. ಬೆಂಕಿ ಎರಡು ಮೂರು ಇಲಾಖೆಗಳ ಗಡಿಯಲ್ಲಿ ಇದ್ದರೆ ಆ ಇಲಾಖೆಗಳ ಮುಖ್ಯಸ್ಥರು ಒಂದೇ ಕಡೆ ಕೂತು ಒಂದೇ ಯೋಜನೆ ಬರೆಯಬೇಕು. ಕೆಲಸವನ್ನು ಐದು ಪಾಲು ಮಾಡಿದರು: ಮುಂದಾಳುತನ, ಬೆಂಕಿ ಆರಿಸುವುದು, ಯೋಜನೆ, ಊಟ ಉಪಕರಣಗಳ ಪೂರೈಕೆ, ಕೊನೆಗೆ ಹಣಕಾಸು. ಈ ಐದನೆಯದನ್ನು ಕೇಳಿದರೆ ನಮ್ಮ ಕಾರ್ಯದರ್ಶಿಗಳಿಗೆ ಖುಷಿಯಾದೀತು. ಬೆಂಕಿ ಉರಿಯುತ್ತಿರುವಾಗಲೇ ಯಾರು ಎಷ್ಟು ಗಂಟೆ ದುಡಿದರು, ಯಾವ ಇಲಾಖೆಯ ಗಾಡಿ ಎಷ್ಟು ಓಡಿತು ಅಂತ ಬರೆದುಕೊಳ್ಳುವವನೊಬ್ಬ ಇರುತ್ತಾನೆ. ಲೆಕ್ಕ ಸರಿಯಿದ್ದರೆ ಮುಂದಿನ ಸಲವೂ ಜನ ಬರುತ್ತಾರೆ. ಲೆಕ್ಕ ತಪ್ಪಿದರೆ ಮನಸ್ಸು ಮುರಿಯುತ್ತದೆ.

ಪದ್ಧತಿ ಬಂದ ಮೇಲೂ ಸಣ್ಣದೊಂದು ಮರೆವು ದೊಡ್ಡ ಕಷ್ಟ ತಂದಿತು. 1991ರ ಅಕ್ಟೋಬರಿನಲ್ಲಿ ಓಕ್ಲೆಂಡ್ ನಗರದ ಗುಡ್ಡದ ಮನೆಗಳಿಗೆ ಬೆಂಕಿ ನುಗ್ಗಿ 25 ಜನ ಸತ್ತರು. ನೆರೆ ಊರುಗಳಿಂದ ಗಾಡಿಗಳು ಧಾವಿಸಿದವು. ಓಕ್ಲೆಂಡಿನ ನಲ್ಲಿಗಳ ಬಾಯಿ 3 ಇಂಚು, ಬಂದವರ ಪೈಪು ಎರಡೂವರೆ ಇಂಚು! ಇದನ್ನು ಓದಿದಾಗ ನಮ್ಮ ಗುಡ್ಡದ ಆ ಸಂಜೆ ಕಣ್ಣ ಮುಂದೆ ಬಂತು. ಅದಾದ ಮೇಲೆ ಅಲ್ಲಿನ ರಾಜ್ಯ ಒಂದು ಕಾನೂನು ಮಾಡಿತು: ಈ ಏಕರೂಪ ಪದ್ಧತಿಯಲ್ಲಿ ಕೆಲಸ ಮಾಡದ ಊರಿಗೆ ಸಿಬ್ಬಂದಿಯ ಖರ್ಚು ರಾಜ್ಯದಿಂದ ವಾಪಸು ಸಿಗುವುದಿಲ್ಲ.

ಹಣದ ವಿಚಾರದಲ್ಲೂ ಎಡವಿದ್ದುಂಟು. 1995ರಲ್ಲಿ ಅರಣ್ಯ ಸೇವೆಯ ಬಜೆಟ್ಟಿನಲ್ಲಿ ಬೆಂಕಿಯ ಪಾಲು ನೂರಕ್ಕೆ 16 ಇದ್ದದ್ದು 2015ರ ಹೊತ್ತಿಗೆ ಅರ್ಧ ದಾಟಿತು. ಸಾಲದೆ ಬಂದಾಗ ಕಾಡು ಸವರುವ, ಸಸಿ ನೆಡುವ ಹಣವನ್ನೇ ಎತ್ತಿ ಬೆಂಕಿಗೆ ಹಾಕುತ್ತಿದ್ದರು. ಬಿತ್ತನೆ ಬೀಜ ಕುಟ್ಟಿ ಉಂಡ ಹಾಗೆ. 2018ರ ಕಾನೂನಿನಿಂದ ಬೆಂಕಿಗೆಂದೇ ಬೇರೆ ಆಪದ್ಧನ ಏರ್ಪಟ್ಟಿತು.

ಸಮುದ್ರ ದಾಟಿದ ಮುಯ್ಯಿ

ಅಮೆರಿಕದಲ್ಲಿ ಬೇಸಿಗೆ ಇದ್ದಾಗ ಆಸ್ಟ್ರೇಲಿಯಾದಲ್ಲಿ ಚಳಿಗಾಲ. 2000ದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಅಮೆರಿಕದ ಬೆಂಕಿಗೆ ಹೋದರು. 2019-20ರಲ್ಲಿ ಆಸ್ಟ್ರೇಲಿಯಾ ಉರಿದಾಗ ಅಮೆರಿಕ, ಕೆನಡಾದವರು ಮುಯ್ಯಿ ತೀರಿಸಲು ಬಂದರು. 2020ರ ಜನವರಿ 23ರಂದು ಅಲ್ಲಿ ಬೆಂಕಿಗೆ ಸುರಿಯಲು ಹೋದ ವಿಮಾನ ಬಿದ್ದು ಮೂವರು ಅಮೆರಿಕನ್ನರು ಜೀವ ಕೊಟ್ಟರು. ಪರರ ಕಾಡಿಗಾಗಿ ಸತ್ತವರು ಅವರು. ಅವರನ್ನು ಇಲ್ಲಿ ನೆನೆಯುವುದು ನಮ್ಮ ಧರ್ಮ.

ಆ ಪದ್ಧತಿ ನಮ್ಮ ದೇಶಕ್ಕೂ ಬಂದಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಅದನ್ನು ನಮ್ಮ ಜಿಲ್ಲಾಡಳಿತಗಳಿಗೆ ಒಗ್ಗುವಂತೆ ಮಾಡಿ ಮಾರ್ಗಸೂಚಿ ಹೊರಡಿಸಿತು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ, ಸ್ವಯಂಸೇವಕರು ನೆಲದಲ್ಲಿ ಹೋರಾಡಿದರು, ವಾಯುಪಡೆಯ ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿದವು. ಕೂಡಿ ಮಾಡುವ ಶಕ್ತಿ ನಮ್ಮಲ್ಲೂ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲ ಬರೆದದ್ದು ಚರಿತ್ರೆ ಒಪ್ಪಿಸಲಿಕ್ಕಲ್ಲ. ಮುಂದಿನ ಮಹಾಸಭೆಯಲ್ಲಿ ಮೂರು ಮಾತು ತೀರ್ಮಾನವಾಗಲಿ ಅಂತ ನಮ್ಮ ಆಸೆ. ಒಂದು, ನಮ್ಮ ಪಂಪಿಗೂ ಪಕ್ಕದ ಊರಿನ ಪೈಪಿಗೂ ಒಂದೇ ಅಳತೆಯ ಜೋಡಣೆ ತರಿಸುವುದು. ಎರಡು, ಬೆಂಕಿ ಬಿದ್ದರೆ ಯಾರ ಮಾತು ನಡೆಯಬೇಕು ಅಂತ ಅರಣ್ಯದವರು, ಗ್ರಾಮ ಅರಣ್ಯ ಸಮಿತಿ, ಎರಡೂ ಊರಿನವರು ಕೂತು ಮೊದಲೇ ಬರೆದಿಡುವುದು. ಮೂರು, ಡೀಸೆಲ್ಲಿಗೂ ಕೂಲಿಗೂ ಸಣ್ಣದೊಂದು ನಿಧಿ ತೆಗೆದಿಟ್ಟು ಲೆಕ್ಕ ಬರೆಯುವವರನ್ನು ಗೊತ್ತು ಮಾಡುವುದು. ಖರ್ಚು ದೊಡ್ಡದಲ್ಲ. ಶಿವರಾತ್ರಿಯ ಒಳಗೆ ಆಗಬೇಕು ಅಷ್ಟೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಬಂತು?

ಅಂದು ತೋಟ ಕಳೆದುಕೊಂಡ ಸದಸ್ಯರು ಸಂಘದ ಸಾಲದಿಂದಲೇ ಮತ್ತೆ ಗಿಡ ನೆಟ್ಟರು. ಆ ಗಿಡಗಳು ಈಗ ಫಸಲಿಗೆ ಬಂದಿವೆ. ಇನ್ನೊಮ್ಮೆ ಅವು ಸುಡದ ಹಾಗೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ. ರಜತ ಮಹೋತ್ಸವ ಕಂಡ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ಹೊತ್ತಿಗೂ ಊರ ಹಿಂದಿನ ಗುಡ್ಡ ಹಸಿರಾಗಿರಲಿ ಎಂದು ಹಾರೈಸುತ್ತೇವೆ.