ಬನಹಟ್ಟಿಯ ‘ಹಟ್ಟಿ’: ಒಂದು ದ್ರಾವಿಡ ಪದದ ಮೂಲ ಮತ್ತು ಅರ್ಥವಿಸ್ತಾರ

ಊರ ಹೆಸರುಗಳು ಶಾಸನಗಳಷ್ಟೇ ಮಹತ್ವದ ಚಾರಿತ್ರಿಕ ಆಕರಗಳು. ‘ಎಡೆಗಳು ಹೇಳುವ ಕಂನಾಡ ಕತೆ’ಯ ಮೂಲಕ ಶಂ.ಬಾ. ಜೋಶಿಯವರು ಕನ್ನಡದಲ್ಲಿ ಈ ಅಧ್ಯಯನಕ್ಕೆ ಮಾರ್ಗ ಹಾಕಿಕೊಟ್ಟರು. ಅದೇ ಜಾಡಿನಲ್ಲಿ ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ಹೆಸರನ್ನು ಇಲ್ಲಿ ಪರಿಶೀಲಿಸಲಾಗಿದೆ. ನೇಕಾರಿಕೆಗೆ ಹೆಸರಾದ ಈ ಪಟ್ಟಣದ ಹೆಸರು ಮಗ್ಗಕ್ಕಿಂತ ಹಳೆಯದಾದ ಬದುಕೊಂದನ್ನು ಸೂಚಿಸುತ್ತದೆ.

‘ಬನ’ ಎಂಬ ಪೂರ್ವಪದವನ್ನು ‘ವನ’ದ ತದ್ಭವವೆಂದು ಗ್ರಹಿಸಬಹುದು, ಬನವಾಸಿ, ಬನಶಂಕರಿಗಳಲ್ಲಿಯೂ ಇದೇ ರೂಪವಿದೆ. ಚರ್ಚೆಗೆ ಆಸ್ಪದವಿರುವುದು ‘ಹಟ್ಟಿ’ ಎಂಬ ಉತ್ತರಪದದಲ್ಲಿ. ನೇಕಾರರ ಊರಾದುದರಿಂದ ಇದನ್ನು ‘ಹತ್ತಿ’ಯೊಡನೆ ಸಂಬಂಧಿಸುವ ಊಹೆ ಸಹಜವಾದರೂ ಅದು ನಿಲ್ಲುವುದಿಲ್ಲ. ಹತ್ತಿಯ ಹಳಗನ್ನಡ ರೂಪ ‘ಪರ್ತಿ’, ತಮಿಳಿನಲ್ಲಿ ‘ಪರುತ್ತಿ’; ಅಲ್ಲಿನ ದಂತ್ಯ ತಕಾರವೇ ಬೇರೆ, ಇಲ್ಲಿನ ಮೂರ್ಧನ್ಯ ಟಕಾರವೇ ಬೇರೆ. ಸಂತೆ, ಅಂಗಡಿ ಎಂಬರ್ಥದ ಸಂಸ್ಕೃತ ‘ಹಟ್ಟ’ದಿಂದ ಇದು ಬಂದಿರಬಹುದೇ ಎಂಬುದು ಎರಡನೆಯ ಪ್ರಶ್ನೆ. ಹಿಂದಿಯ ‘ಹಾಟ್’ ಆ ಮೂಲದ್ದು.

ಈ ಪ್ರಶ್ನೆಯನ್ನು ನಿರ್ಣಯಿಸುವುದು ಪದಾದಿಯ ಅಕ್ಷರ. ಹಾಲು, ಹುಲಿ, ಹಳ್ಳಿಗಳು ಪಾಲು, ಪುಲಿ, ಪಳ್ಳಿಗಳಿಂದ ಬಂದಂತೆ ‘ಹಟ್ಟಿ’ಯು ‘ಪಟ್ಟಿ’ಯಿಂದ ಬಂದಿದೆ. ಕನ್ನಡದಲ್ಲಿ ಪಕಾರವು ಹಕಾರವಾಗುವ ಪ್ರಕ್ರಿಯೆ ಸುಮಾರು 10ನೆಯ ಶತಮಾನದಿಂದ ಕಾಣಿಸಿಕೊಂಡು ನಡುಗನ್ನಡದಲ್ಲಿ ವ್ಯಾಪಕವಾಯಿತು. ಈ ಬದಲಾವಣೆಗೆ ಒಳಗಾಗದ ತಮಿಳಿನಲ್ಲಿ ‘ಪಟ್ಟಿ’ ಎಂದರೆ ದನದ ಕೊಟ್ಟಿಗೆ, ಕುರಿದೊಡ್ಡಿ, ಸಣ್ಣ ಊರು. ಕೋವಿಲ್‌ಪಟ್ಟಿ, ಉಸಿಲಂಪಟ್ಟಿಗಳು ಪರಿಚಿತ ನಿದರ್ಶನಗಳು. ಮಲಯಾಳದಲ್ಲಿಯೂ ಅದು ದನಕುರಿಗಳ ದೊಡ್ಡಿಯೇ. ನೀಲಗಿರಿಯ ಬಡಗರು ಮಾತ್ರ ತಮ್ಮ ಊರನ್ನು ‘ಹಟ್ಟಿ’ ಎನ್ನುತ್ತಾರೆ. ಅವರ ನುಡಿ ಕನ್ನಡದಿಂದ ಕವಲೊಡೆದದ್ದು ಹಕಾರ ನೆಲೆಗೊಂಡ ಬಳಿಕವೆಂಬುದಕ್ಕೆ ಈ ಪದವೂ ಒಂದು ಸಾಕ್ಷಿ. ‘ಹಟ್ಟ’ವೇ ಮೂಲವಾಗಿದ್ದರೆ ಪಕಾರವುಳ್ಳ ಈ ಸೋದರರೂಪಗಳನ್ನು ವಿವರಿಸಲಾಗದು.

ಬೇಲಿಯೊಳಗಿನ ದೊಡ್ಡಿಯಿಂದ ದನಗಾಹಿಗಳ ಗುಡಿಸಲು, ಅಲ್ಲಿಂದ ಹಳ್ಳಿ, ಕೊನೆಗೆ ಪಟ್ಟಣ: ಇದು ಅರ್ಥವಿಸ್ತಾರದ ಕ್ರಮ. ಯುರೋಪಿನ ಸ್ಲಾವಿಕ್ ಭಾಷೆಗಳಲ್ಲಿಯೂ ಇಂತಹುದೇ ಬೆಳವಣಿಗೆ ನಡೆದಿದೆ. ಆವರಣ ಎಂಬರ್ಥದ ಒಂದೇ ಮೂಲಪದವು ರಷ್ಯನ್ನಿನಲ್ಲಿ ‘ಗೋರದ್’, ಸರ್ಬಿಯನ್ನಿನಲ್ಲಿ ‘ಗ್ರಾದ್’ ಆಗಿ ನಗರವನ್ನೂ, ಚೆಕ್ಕಿನಲ್ಲಿ ‘ಹ್ರಾದ್’ ಆಗಿ ಕೋಟೆಯನ್ನೂ ಹೇಳುತ್ತದೆ. ಅಲ್ಲಿಯೂ ಪದಾದಿಯ ಗಕಾರ ಕೆಲವೆಡೆ ಹಕಾರವಾಗಿದೆ. ಸಂಬಂಧವಿಲ್ಲದ ಎರಡು ಭಾಷಾವಂಶಗಳಲ್ಲಿ ಬೇಲಿಯೇ ಊರಿನ ಹೆಸರಿಗೆ ಬೀಜವಾದುದು ಗಮನಾರ್ಹ.

ಮೂಲಾರ್ಥವು ಕನ್ನಡದಲ್ಲಿ ಅಳಿದಿಲ್ಲ. ಕರಾವಳಿಯಲ್ಲಿ ಹಟ್ಟಿ ಎಂದರೆ ಇಂದಿಗೂ ಕೊಟ್ಟಿಗೆ, ಹಟ್ಟಿಗೊಬ್ಬರವೆಂದರೆ ಕೊಟ್ಟಿಗೆಯ ಗೊಬ್ಬರ. ಉತ್ತರ ಕರ್ನಾಟಕದಲ್ಲಿ ದೀಪಾವಳಿಯಂದು ಸೆಗಣಿಯಿಂದ ಮಾಡಿ ಪೂಜಿಸುವ ಹಟ್ಟೆವ್ವನ ಹೆಸರಿನಲ್ಲಿಯೂ ಅದೇ ಪದವಿದೆ. ಆದರೆ ಸಾಮಾಜಿಕವಾಗಿ ಈ ಪದದ ಪಾಡು ಎಲ್ಲೆಡೆಯೂ ಒಂದೇ ಅಲ್ಲ. ಬನಹಟ್ಟಿ, ನಾಯಕನಹಟ್ಟಿಗಳಲ್ಲಿ ಅದು ಊರಿನ ಹೆಸರೇ ಆಗಿ ನಿಂತಿತು. ಹಳೆಯ ಮೈಸೂರು ಸೀಮೆಯಲ್ಲಿ ಅದು ಊರ ಹೊರಗಿನ ದಲಿತರ ಕೇರಿಯ ಹೆಸರಾಯಿತು. ಗೊಲ್ಲರಹಟ್ಟಿಗಳು ದೀರ್ಘಕಾಲ ದಾಖಲೆಯಲ್ಲಿ ಸ್ವತಂತ್ರ ಗ್ರಾಮಗಳಾಗದೆ ಉಳಿದವು.

ಇಂತಹ ನೆಲೆಗಳು ಈಗ ಕಂದಾಯ ಗ್ರಾಮಗಳಾಗಿ ಮಾನ್ಯತೆ ಪಡೆಯುತ್ತಿವೆ. ಇದು ಸ್ವಾಗತಾರ್ಹ. ಮಾನ್ಯತೆಯ ಜೊತೆಗೆ ಹಳೆಯ ಹೆಸರನ್ನು ಕೀಳೆಂದು ಬಗೆದು ‘ನಗರ’, ‘ಪುರ’ ಎಂದು ಬದಲಿಸಿದರೆ, ಬರಹದ ಆಧಾರ ವಿರಳವಾಗಿರುವ ಪಶುಪಾಲಕರ ಚರಿತ್ರೆಯ ಒಂದು ಮುಖ್ಯ ದಾಖಲೆಯೇ ಇಲ್ಲವಾಗುತ್ತದೆ. ಹಟ್ಟಿ ಎಂಬುದು ಹಿಂದುಳಿದಿರುವಿಕೆಯ ಗುರುತಲ್ಲ, ನೆಲೆ ನಿಂತುದರ ಗುರುತು. ಬನಹಟ್ಟಿ ಎಂಬ ಹೆಸರೇ ಅದಕ್ಕೆ ಪ್ರಮಾಣ.