ಬೀದಿಯ ತಂತಿಯೂ ಮನೆಯ ಆಯ್ಕೆಯೂ: ಬಾಪೂಜಿ ನಗರದ ನಿದರ್ಶನ

ಮೈಸೂರು ರಸ್ತೆಯ ಮಗ್ಗುಲಲ್ಲಿರುವ ಬಾಪೂಜಿ ನಗರದ ಅಡ್ಡರಸ್ತೆಗಳಲ್ಲಿ ತಲೆಯೆತ್ತಿ ನೋಡಿದರೆ, ಕಂಬದಿಂದ ಕಂಬಕ್ಕೂ ತಾರಸಿಯಿಂದ ತಾರಸಿಗೂ ಹಾದಿರುವ ಕರಿಯ ತಂತಿಗಳು ಕಾಣುತ್ತವೆ. ಮನೆಯ ಬ್ರಾಡ್‌ಬ್ಯಾಂಡಿಗೆ ಯಾವ ತಂತಿ ತಕ್ಕುದೆಂಬ ಪ್ರಶ್ನೆಗೆ ಇವುಗಳ ಚರಿತ್ರೆಯಿಂದ ದೊರೆಯುವ ಉತ್ತರವನ್ನು ನಾವಿಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಮೊದಲು ಬಂದುದು ದೂರವಾಣಿಯ ತಾಮ್ರದ ಜೋಡಿತಂತಿ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾದ ಕಾಲದಲ್ಲಿ ಈ ತಂತಿಯ ಕೆಲಸ ಮಾತನ್ನು ಒಯ್ಯುವುದಷ್ಟೇ ಆಗಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ಟನ್ನು ಕನಿಷ್ಠ ವೇಗವೆಂದು ಗೊತ್ತುಪಡಿಸಿದ ಮೇಲೆ ಹೊಸ ಹೊರೆ ಆ ಹಳೆಯ ತಂತಿಯ ಮೇಲೆಯೇ ಬಿದ್ದಿತು. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ಅದರ ವೇಗ ಕುಂದುತ್ತಿತ್ತು. 1990ರ ದಶಕದಲ್ಲಿ ಟೆಲಿವಿಷನ್ನಿಗಾಗಿ ಬಂದ ಕೊಯಾಕ್ಸಿಯಲ್ ಕೇಬಲಿನ ಹಾದಿಯೂ ಇಂಥದೇ: ಅದೂ ಬೇರೊಂದು ಉದ್ದೇಶಕ್ಕೆ ಎಳೆದದ್ದು. ಮನೆಯವರು ಆರಿಸಿದುದಕ್ಕಿಂತ ಬೀದಿಯಲ್ಲಿ ಮೊದಲೇ ಇದ್ದುದೇ ಒಳಬಂದಿತೆನ್ನಬಹುದು.

ಗಾಜಿನ ಎಳೆಯ ಕಥೆ ಬೇರೆ. ಶುದ್ಧವಾದ ಗಾಜು ಬೆಳಕಿನ ಸಂಕೇತವನ್ನು ಬಹುದೂರ ಒಯ್ಯಬಲ್ಲುದೆಂದು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ಪ್ರತಿಪಾದಿಸಿದರು. ಇಂದಿನ ಜಿಪಾನ್ ವ್ಯವಸ್ಥೆಯಲ್ಲಿ ಒಂದೇ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿ, ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ಟನ್ನು 20 ಕಿಲೋಮೀಟರಿನವರೆಗೆ ಕಳುಹಿಸಬಹುದು. ತಾಮ್ರದ ಈಥರ್ನೆಟ್ ತಂತಿಯ ಮೇರೆ 100 ಮೀಟರು.

ಹೀಗಿದ್ದರೂ, ಫೈಬರ್ ಎಂಬ ಹೆಸರಿನ ಸಂಪರ್ಕವೆಲ್ಲ ಮನೆಯವರೆಗೆ ಗಾಜೇ ಆಗಿರುವುದಿಲ್ಲ. ಕೆಲವೆಡೆ ಗಾಜು ಹತ್ತಿರದ ಪೆಟ್ಟಿಗೆಯಲ್ಲಿ ನಿಂತು, ಉಳಿದ ಹಾದಿಯನ್ನು ಈಥರ್ನೆಟ್ ತಂತಿ ತಾರಸಿಗಳ ಮೇಲೆ ಕ್ರಮಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲಿನ ಆಘಾತ ಆ ತಾಮ್ರದ ಮೂಲಕ ಮನೆಯ ಉಪಕರಣವನ್ನು ಸುಡಬಲ್ಲುದು. ಗಾಜಿನಲ್ಲಿ ವಿದ್ಯುತ್ತು ಹರಿಯದು; ಆದರೆ ಅದಕ್ಕೆ ಆಧಾರವಾದ ಉಕ್ಕಿನ ತಂತಿಯಲ್ಲಿ ಹರಿಯುವುದರಿಂದ, ಉಕ್ಕನ್ನು ಗೋಡೆಯ ಹೊರಗೆಯೇ ನಿಲ್ಲಿಸತಕ್ಕದ್ದು.

ಆದುದರಿಂದ ಗೃಹಸ್ಥರು ವೇಗವನ್ನು ವಿಚಾರಿಸುವ ಮೊದಲು ಗಾಜು ಎಲ್ಲಿ ಮುಗಿಯುತ್ತದೆಂಬುದನ್ನು ಕೇಳುವುದು ಯುಕ್ತ. ಮನೆಯೊಳಗೆ ಕೋಣೆಯಿಂದ ಕೋಣೆಗೆ ಅಪ್ಪಟ ತಾಮ್ರದ ಕ್ಯಾಟ್ 6 ತಂತಿ ಸಾಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ ತಂತಿಯು ಅಗ್ಗವಾದರೂ ಬೇಡ. ಗಾಜಿನ ಕೇಬಲನ್ನು ಮೂಲೆಯಲ್ಲಿ ಮುರಿದು ಮಡಿಸದೆ ಬಳಸಿ ತರಬೇಕು. ಹೊಸದಾಗಿ ಮನೆ ಕಟ್ಟುವವರು ಬೀದಿಯ ಕಡೆಯಿಂದ ನಡುಮನೆಯವರೆಗೆ ಒಂದು ಖಾಲಿ ಪೈಪನ್ನು ಗೋಡೆಯಲ್ಲಿ ಬಿಟ್ಟರೆ, ಮುಂದೆ ಬರುವ ತಂತಿಗೆ ಗೋಡೆ ಒಡೆಯುವ ಪ್ರಮೇಯವಿರದು. ಮೂರು ಬಗೆಯ ತಂತಿಗಳು ಒಂದರ ಹಿಂದೆ ಒಂದು ಬಂದ ಈ ಬೀದಿಗಳಲ್ಲಿ ನಾಲ್ಕನೆಯದು ಬಾರದೆಂದು ನಾವು ಹೇಳಲಾರೆವು.